ಗಣಿಯಾಗದ ಕೊರೆತಗಳು

ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಬರೆದ ಅಂತಿಮ ವರದಿಗಳನ್ನೆಲ್ಲ ಈಚೆಗೆ ಒಂದೆಡೆ ಜೋಡಿಸಿಡುತ್ತಿದ್ದಾಗ, ಅವುಗಳಲ್ಲಿ ಹೆಚ್ಚಿನವು ಸರಿಸುಮಾರು ಒಂದೇ ವಾಕ್ಯದಿಂದ ಮುಗಿದಿರುವುದು ಕಣ್ಣಿಗೆ ಬಿತ್ತು: ‘ಈ ಪ್ರದೇಶದಲ್ಲಿ ಮುಂದಿನ ಹಂತದ ಕೊರೆತವನ್ನು ಸಮರ್ಥಿಸುವಂಥ ಆಧಾರಗಳು ದೊರೆತಿಲ್ಲ.’ ಪದಗಳು ಅಲ್ಲಲ್ಲಿ ಹಿಂದುಮುಂದಾಗಿವೆ, ಕೆಲವೆಡೆ ಒಂದಿಷ್ಟು ವಿನಯ, ಕೆಲವೆಡೆ ಒಂದಿಷ್ಟು ಆಸೆ ಸೇರಿಕೊಂಡಿದೆ. ಆದರೆ ಅರ್ಥ ಒಂದೇ. ಹುಡುಕಿದೆವು, ಇಲ್ಲ.

ಭೂವಿಜ್ಞಾನದಲ್ಲಿ ಪದವಿ ಮುಗಿಸಿ ಖನಿಜಾನ್ವೇಷಣೆಯ ಕೆಲಸಕ್ಕೆ ಬರಬೇಕೆಂದಿರುವವರು ನನ್ನನ್ನು ಮೊದಲು ಕೇಳುವ ಪ್ರಶ್ನೆ, ನೀವು ಎಷ್ಟು ಗಣಿಗಳನ್ನು ಕಂಡುಹಿಡಿದಿದ್ದೀರಿ ಎಂಬುದು. ಒಂದನ್ನೂ ಇಲ್ಲ ಎಂದಾಗ ಅವರ ಮುಖದಲ್ಲಿ ಮೂಡುವ ಸಂಕೋಚವನ್ನು ನೋಡಿ ನನಗೇ ನಗು ಬರುತ್ತದೆ. ಮೊದಲ ಹತ್ತು ವರ್ಷ ಈ ಉತ್ತರ ಹೇಳಲು ನಾನೂ ಸಂಕೋಚಪಡುತ್ತಿದ್ದೆ ಎಂಬುದು ಬೇರೆ ಮಾತು. ನನ್ನ ಜೊತೆಗೆ ಕೆಲಸ ಮಾಡಿದ, ನನಗಿಂತ ಎಷ್ಟೋ ಮೇಲಾದ ಭೂವಿಜ್ಞಾನಿಗಳಲ್ಲಿ ಬಹುಮಂದಿ ಒಂದೂ ಗಣಿಯನ್ನು ಕಂಡುಹಿಡಿಯದೆ ನಿವೃತ್ತರಾದರು. ಈ ವೃತ್ತಿಗೆ ಬರುವವರಿಗೆ ನಾನು ಹೇಳಬೇಕೆಂದಿರುವುದು ಇಷ್ಟೆ: ಇಲ್ಲಿ ನಿಮಗೆ ಸಂಬಳ ಸಿಗುವುದು ಅದಿರನ್ನು ಕಂಡುಹಿಡಿಯುವುದಕ್ಕಲ್ಲ, ‘ಇದೆ’ ಅಥವಾ ‘ಇಲ್ಲ’ ಎಂಬುದನ್ನು ಇನ್ನೊಬ್ಬರು ನಂಬಬಹುದಾದ ರೀತಿಯಲ್ಲಿ ಹೇಳುವುದಕ್ಕೆ, ಆ ಎರಡರಲ್ಲಿ ‘ಇಲ್ಲ’ ಎನ್ನುವ ಸಂದರ್ಭವೇ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಬರುತ್ತದೆ.

ಆರ್ಥಿಕ ಭೂವಿಜ್ಞಾನ ಎಂಬ ಹೆಸರನ್ನು ಕೇಳಿದವರು ಅದು ಅರ್ಥಶಾಸ್ತ್ರದ ಒಂದು ಟಿಸಿಲು ಎಂದುಕೊಳ್ಳುವುದುಂಟು. ಅದು ಮೂಲತಃ ಸಾಂದ್ರತೆಯ ವಿಜ್ಞಾನ. ಖಂಡಗಳ ಹೊರಪದರದ ಒಂದು ಟನ್ ಸಾಧಾರಣ ಬಂಡೆಯಲ್ಲಿ ಕೆಲವು ಹತ್ತು ಗ್ರಾಂ ತಾಮ್ರವಿರುತ್ತದೆ. ಚಿನ್ನವಾದರೆ ಒಂದೆರಡು ಮಿಲಿಗ್ರಾಂ. ಇವತ್ತು ಜಗತ್ತಿನ ತಾಮ್ರದ ಬಹುಪಾಲನ್ನು ಕೊಡುತ್ತಿರುವ, ಶಿಲಾರಸ ತಣಿದು ಆದ ಬಂಡೆಗಳಲ್ಲಿಯೂ ಅವುಗಳ ಸುತ್ತಲೂ ಲೋಹ ತೆಳುವಾಗಿ ಹರಡಿರುವ ‘ಪಾರ್ಫಿರಿ’ ಮಾದರಿಯ ನಿಕ್ಷೇಪಗಳಲ್ಲಿ ತಾಮ್ರದ ಪ್ರಮಾಣ ಶೇಕಡಾ 0.5ರ ಆಸುಪಾಸಿನಲ್ಲಿರುತ್ತದೆ, ಅಂದರೆ ಟನ್ನಿಗೆ 5 ಕಿಲೋ. ತೆರೆದ ಗಣಿಯಲ್ಲಿ ಟನ್ನಿಗೆ 1 ಗ್ರಾಂ ಚಿನ್ನ ಸಿಕ್ಕರೂ ಗಿಟ್ಟುವುದುಂಟು. ಸಾಧಾರಣ ಬಂಡೆಗೂ ಅದಿರಿಗೂ ನಡುವಿನ ಈ ನೂರು ಪಟ್ಟು, ಐನೂರು ಪಟ್ಟು ವ್ಯತ್ಯಾಸವನ್ನು ಭೂಮಿ ಎಲ್ಲಿ, ಯಾವಾಗ, ಯಾವ ವಿಧಾನದಿಂದ ಸಾಧಿಸಿತು ಎಂದು ಕೇಳುವುದೇ ನಮ್ಮ ಕೆಲಸ. ಹೆಚ್ಚಿನ ಸಂದರ್ಭದಲ್ಲಿ ಉತ್ತರ ಬಿಸಿನೀರು. ಆಳದಲ್ಲಿ ಲೋಹವನ್ನು ಕರಗಿಸಿಕೊಂಡ ಲವಣಭರಿತ ಬಿಸಿನೀರು ಬಿರುಕುಗಳಲ್ಲಿ ಮೇಲೇರುತ್ತದೆ. ಒತ್ತಡ ಇಳಿದಲ್ಲಿ, ತಣಿದಲ್ಲಿ, ಬೇರೆ ಜಾತಿಯ ಬಂಡೆಯನ್ನು ತಾಗಿದಲ್ಲಿ ಹೊತ್ತು ತಂದ ಲೋಹವನ್ನು ಇಳಿಸಿ ಮುಂದೆ ಹೋಗುತ್ತದೆ. ಲೋಹ ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು, ಎಲ್ಲಿ ನಿಂತಿತು, ಈ ಮೂರು ಪ್ರಶ್ನೆಗಳಿಗೆ ಉತ್ತರ ಊಹಿಸಬಲ್ಲವನು ನಕ್ಷೆಯ ಮೇಲೆ ಒಂದು ಚುಕ್ಕೆಯನ್ನಿಡಬಹುದು.

ಆ ‘ಆರ್ಥಿಕ’ ಎಂಬ ವಿಶೇಷಣವೂ ಸುಮ್ಮನೆ ಬಂದದ್ದಲ್ಲ. ಅದಿರು ಎಂಬುದು ಕಲ್ಲಿನ ಗುಣವಲ್ಲ, ಕಾಲದ ಗುಣ. ಪಶ್ಚಿಮ ಆಸ್ಟ್ರೇಲಿಯದ ಗ್ರೀನ್‌ಬುಷಸ್‌ನಲ್ಲಿ 1888ರಿಂದ ತವರಕ್ಕಾಗಿ ಗಣಿಗಾರಿಕೆ ನಡೆದಿತ್ತು. ಅಲ್ಲಿನ ಪೆಗ್ಮಟೈಟ್ ಎಂಬ ದಪ್ಪ ಹರಳುಗಳ ಬಂಡೆಯಲ್ಲಿಯೇ ಇದ್ದ ಸ್ಪಾಡ್ಯೂಮಿನ್ ಎಂಬ ಲಿಥಿಯಂ ಖನಿಜಕ್ಕೆ ಬೆಲೆ ಬರಲು ಸುಮಾರು ನೂರು ವರ್ಷ ಬೇಕಾಯಿತು. ಇವತ್ತು ಅದು ಜಗತ್ತಿನ ಅತಿ ದೊಡ್ಡ ಲಿಥಿಯಂ ಗಣಿಗಳಲ್ಲಿ ಒಂದು. ಕಲ್ಲು ಬದಲಾಗಲಿಲ್ಲ. ಈ ಮಾತಿಗೆ ನಾನು ಕೊನೆಯಲ್ಲಿ ಮರಳುತ್ತೇನೆ, ಏಕೆಂದರೆ ನನ್ನ ಹಳೆಯ ವರದಿಯೊಂದರ ಕಥೆಯೂ ಅಲ್ಲಿಗೇ ಬಂದು ಸೇರುತ್ತದೆ.

ಹೊಸಬರಿಗೆ ನಾನು ಬಿಡದೆ ಹೇಳುವ ಪ್ರಸಂಗ ದಕ್ಷಿಣ ಆಸ್ಟ್ರೇಲಿಯದ ಒಲಿಂಪಿಕ್ ಡ್ಯಾಮ್‌ನದು. 1970ರ ದಶಕದ ಆರಂಭದಲ್ಲಿ ವೆಸ್ಟರ್ನ್ ಮೈನಿಂಗ್ ಕಾರ್ಪೊರೇಷನ್‌ನ ಭೂವಿಜ್ಞಾನಿಗಳು ಹಿಡಿದ ತರ್ಕ ಹೀಗಿತ್ತು: ಲಾವಾ ತಣಿದು ಆದ ಹಳೆಯ ಬಸಾಲ್ಟ್ ಶಿಲೆಗಳು ಆಕ್ಸಿಡೀಕರಣಗೊಂಡಾಗ ತಮ್ಮಲ್ಲಿದ್ದ ತಾಮ್ರವನ್ನು ಬಿಟ್ಟುಕೊಡುತ್ತವೆ, ಆ ತಾಮ್ರ ಹತ್ತಿರದ ಜಲಜಶಿಲೆಗಳ ಪದರಗಳಲ್ಲಿ ನಿಂತಿರಬೇಕು, ಹಾಗಾದರೆ ಬಸಾಲ್ಟ್ ಆಳದಲ್ಲಿ ಹೂತಿರಬಹುದಾದ ಜಾಗಗಳನ್ನು ಹುಡುಕಬೇಕು. ಗುರುತ್ವದ ನಕ್ಷೆಯಲ್ಲಿಯೂ ಕಾಂತೀಯ ನಕ್ಷೆಯಲ್ಲಿಯೂ ಒಂದೇ ಕಡೆ ಉಬ್ಬು, ಅಂದರೆ ಸುತ್ತಲಿಗಿಂತ ಹೆಚ್ಚಿನ ಅಳತೆ, ಕಾಣಿಸಿದ ತಾಣಗಳನ್ನು ಅವರು ಆರಿಸಿಕೊಂಡರು. ನೆಲದ ಮೇಲೆ ನೋಡಲು ಏನೂ ಇರಲಿಲ್ಲ. ಆಸಕ್ತಿಯ ಬಂಡೆಗಳೆಲ್ಲ 300 ಮೀಟರಿಗೂ ಹೆಚ್ಚು ದಪ್ಪದ, ಯಾವ ಲೋಹವೂ ಇಲ್ಲದ ಹೊದಿಕೆಯ ಕೆಳಗಿದ್ದವು. 1975ರಲ್ಲಿ, ದನಕರುಗಳಿಗೆ ನೀರುಣಿಸಲು ಕಟ್ಟಿದ್ದ ಒಂದು ಸಣ್ಣ ಕೆರೆಯ ಸಮೀಪದಲ್ಲಿ ಆರ್‌ಡಿ 1 ಎಂಬ ಮೊದಲ ರಂಧ್ರವನ್ನು ಕೊರೆದಾಗ 38 ಮೀಟರ್ ಉದ್ದಕ್ಕೆ ಶೇಕಡಾ 1ರಷ್ಟು ತಾಮ್ರ ಸಿಕ್ಕಿತು. ಸಂಭ್ರಮಿಸಬಹುದಾದ ಫಲಿತಾಂಶವೇ ಸರಿ. ಆದರೆ ಅದರ ಬೆನ್ನಿಗೆ ಕೊರೆದ ರಂಧ್ರಗಳಲ್ಲಿ ಹೆಚ್ಚಿನವು ನಿರಾಶೆ ತಂದವು. 1976ರ ಕೊನೆಯ ಭಾಗದಲ್ಲಿ ಹತ್ತನೆಯದು, ಆರ್‌ಡಿ 10, ಸುಮಾರು 170 ಮೀಟರ್ ಉದ್ದಕ್ಕೆ ಶೇಕಡಾ 2ಕ್ಕೂ ಹೆಚ್ಚು ತಾಮ್ರವನ್ನು, ಅದರೊಂದಿಗೆ ಯುರೇನಿಯಂ ಅನ್ನು ತೋರಿಸಿತು. ಹಾಗೆ ಸಿಕ್ಕಿದ್ದು ಜಗತ್ತಿನ ಅತಿ ದೊಡ್ಡ ತಾಮ್ರ ನಿಕ್ಷೇಪಗಳಲ್ಲೊಂದು, ಯುರೇನಿಯಂ ನಿಕ್ಷೇಪಗಳಲ್ಲಂತೂ ಅದಕ್ಕಿಂತ ದೊಡ್ಡದು ಗೊತ್ತಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅವರು ಕೊರೆಯಲು ಹೊರಟಿದ್ದ ನಿಕ್ಷೇಪ ಅಲ್ಲಿ ಇರಲೇ ಇಲ್ಲ. ಜಲಜಶಿಲೆಯ ಪದರದಲ್ಲಿ ಹಾಳೆಯಂತೆ ಹರಡಿದ ತಾಮ್ರದ ಬದಲು, ಸುಮಾರು 159 ಕೋಟಿ ವರ್ಷ ಹಳೆಯ ಗ್ರಾನೈಟ್ ಒಡೆದು ಚೂರಾಗಿ, ಆ ಚೂರುಗಳ ನಡುವೆ ಹೆಮಟೈಟ್ ಎಂಬ ಕಬ್ಬಿಣದ ಖನಿಜ ತುಂಬಿಕೊಂಡ, ಆ ತನಕ ಯಾರೂ ಒಂದು ಜಾತಿಯೆಂದು ಗುರುತಿಸಿರದ ನಿಕ್ಷೇಪ ಅಲ್ಲಿತ್ತು. ಭೂಭೌತ ನಕ್ಷೆಯ ಉಬ್ಬಿಗೂ ಬಸಾಲ್ಟಿಗೂ ಸಂಬಂಧವಿರಲಿಲ್ಲ. ಹಾಗೆಂದು ಅದನ್ನು ಅದೃಷ್ಟ ಎಂದು ತಳ್ಳಿಹಾಕುವವರ ಜೊತೆ ನಾನು ಜಗಳವಾಡಿದ್ದೇನೆ. ತಪ್ಪಾದರೂ ಸ್ಪಷ್ಟವಾದ ಒಂದು ತರ್ಕ ಅವರಲ್ಲಿ ಇತ್ತು, ಅದನ್ನು ಪರೀಕ್ಷಿಸಲು ಯಾವುದನ್ನು ಅಳೆಯಬೇಕೆಂಬ ತಿಳಿವಳಿಕೆಯಿತ್ತು, ಕೊರೆದು ತೆಗೆದ ಕಲ್ಲು ತಮ್ಮ ತರ್ಕಕ್ಕೆ ಒಗ್ಗದೇ ಇದ್ದಾಗ ಕಲ್ಲನ್ನು ಬಿಡದೆ ತರ್ಕವನ್ನು ಬಿಡುವ ಮನಸ್ಸಿತ್ತು. ಎರಡನೆಯ ರಂಧ್ರಕ್ಕೂ ಹತ್ತನೆಯ ರಂಧ್ರಕ್ಕೂ ನಡುವೆ ಆ ತಂಡದ ಸಭೆಗಳಲ್ಲಿ ಯಾವ ಮಾತುಗಳು ಓಡಾಡಿರಬಹುದು ಎಂದು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ, ಅಂಥ ಸಭೆಗಳಲ್ಲಿ ನಾನೂ ಕುಳಿತವನಾದ್ದರಿಂದ.

ಇದಕ್ಕೆ ಸರಿಯಾಗಿ ವಿರುದ್ಧವಾದ ಉದಾಹರಣೆಯೂ ಉಂಟು. ಅರಿಜೋನದ ಸ್ಯಾನ್ ಮ್ಯಾನ್ಯುಯಲ್ ತಾಮ್ರ ಗಣಿಯನ್ನು ಅಧ್ಯಯನ ಮಾಡಿದ ಡೇವಿಡ್ ಲೋವೆಲ್ ಅವರು, ಖನಿಜಗಳು ಬದಲಾಗಿರುವ ವಲಯಗಳು ಗಣಿಯ ಸುತ್ತ ಪೂರ್ಣ ಉಂಗುರಗಳಾಗಿರದೆ ಅರ್ಧಕ್ಕೆ ತುಂಡಾಗಿರುವುದನ್ನು ಕಂಡು, ಇಡೀ ನಿಕ್ಷೇಪ ಪಕ್ಕಕ್ಕೆ ವಾಲಿ, ಆಮೇಲೆ ಒಂದು ಸ್ತರಭಂಗದಿಂದ, ಅಂದರೆ ಬಂಡೆಗಳು ಬಿರಿದು ಜಾರಿದ್ದರಿಂದ, ಎರಡು ಹೋಳಾಗಿದೆ ಎಂದು ತರ್ಕಿಸಿದರು. 1960ರ ದಶಕದಲ್ಲಿ ಉಳಿದ ಹೋಳು, ಕಲಮಜೂ, ಅವರು ಹೇಳಿದಂತೆ ಆಳದಲ್ಲಿ ಸಿಕ್ಕಿತು. ಆ ಅನುಭವದಿಂದ ಅವರು ಜಾನ್ ಗಿಲ್ಬರ್ಟ್ ಅವರೊಂದಿಗೆ 1970ರಲ್ಲಿ ಪ್ರಕಟಿಸಿದ ಪಾರ್ಫಿರಿ ಮಾದರಿ ಇವತ್ತಿಗೂ ಪ್ರತಿಯೊಂದು ತಾಮ್ರ ಶಿಬಿರದ ಗೋಡೆಯ ಮೇಲೆ ಯಾವುದಾದರೊಂದು ರೂಪದಲ್ಲಿ ತೂಗುತ್ತಿರುತ್ತದೆ. ತರ್ಕ ಇಷ್ಟು ಚೊಕ್ಕವಾಗಿ ಫಲಿಸಿದ ಪ್ರಸಂಗಗಳು ಬೆರಳೆಣಿಕೆಯವು. ಕಾಲೇಜಿನ ಪಾಠದಲ್ಲಿ ಮಾತ್ರ ಇವೇ ಹೆಚ್ಚು ಬರುವುದರಿಂದ ಹೊಸಬರು ಮೊದಲ ವರ್ಷ ಬೇಗ ಕುಗ್ಗುತ್ತಾರೆ ಎಂಬುದು ನನ್ನ ಗುಮಾನಿ.

ನಿಜವಾದ ಕೆಲಸ ನಡೆಯುವುದು ಕೋರ್ ಪೆಟ್ಟಿಗೆಯ ಮುಂದೆ. ವಜ್ರದ ಕಣಗಳಿರುವ ಬಿಟ್ ನೆಲವನ್ನು ಉಂಗುರದಂತೆ ಕೊರೆಯುತ್ತ ಹೋದಾಗ ನಡುವೆ ಉಳಿಯುವ ಕಲ್ಲಿನ ಕೋಲೇ ಕೋರ್. ಎನ್‌ಕ್ಯೂ ಎಂದು ಕರೆಯುವ ಸಾಮಾನ್ಯ ಅಳತೆಯಲ್ಲಿ ಅದರ ವ್ಯಾಸ 47.6 ಮಿಲಿಮೀಟರ್. ನೂರಾರು ಮೀಟರ್ ಆಳದ ಒಂದು ಬೆಟ್ಟವನ್ನು ನಾವು ಬಲ್ಲೆವೆಂದು ಹೇಳುವುದು ಮಣಿಕಟ್ಟಿನ ದಪ್ಪದ ಈ ಕೋಲಿನ ಬಲದಿಂದ. ಕೊರೆಯುವವರು ಅದನ್ನು ತುಂಡುತುಂಡಾಗಿ ತೆಗೆದು ಉದ್ದನೆಯ ಪೆಟ್ಟಿಗೆಯ ಸಾಲುಗಳಲ್ಲಿ ಇಡುತ್ತಾರೆ. ಪ್ರತಿ ಎಳೆತದ ಕೊನೆಗೆ ಆಳವನ್ನು ಬರೆದ ಒಂದು ಮರದ ತುಂಡನ್ನಿಡುತ್ತಾರೆ. ಭೂವಿಜ್ಞಾನಿ ಬೆಳಿಗ್ಗೆ ಬಂದು ತುಂಡುಗಳನ್ನು ಒಂದಕ್ಕೊಂದು ಕೂಡಿಸುತ್ತಾನೆ, ಅಳೆಯುತ್ತಾನೆ, ಕಳೆದುಹೋದದ್ದು ಎಷ್ಟೆಂದು ಬರೆದುಕೊಳ್ಳುತ್ತಾನೆ, 10 ಸೆಂಟಿಮೀಟರಿಗಿಂತ ಉದ್ದದ ತುಂಡುಗಳ ಉದ್ದವನ್ನು ಬೇರೆಯಾಗಿ ಲೆಕ್ಕ ಹಾಕುತ್ತಾನೆ, ನೀರು ಚಿಮುಕಿಸುತ್ತಾನೆ. ಒಣಗಿದಾಗ ಬೂದಿಬಣ್ಣದ ಒಂದೇ ಮುದ್ದೆಯಂತಿದ್ದ ಕಲ್ಲು ಒದ್ದೆಯಾದೊಡನೆ ತನ್ನ ಕಣಗಳನ್ನು, ಗೆರೆಗಳನ್ನು, ಕ್ಲೋರೈಟ್ ಎಂಬ ಹಸಿರು ಖನಿಜದ ಛಾಯೆಯನ್ನು ತೋರಿಸುವ ಆ ಕ್ಷಣ ನನಗೆ ಇವತ್ತಿಗೂ ಬೇಸರ ತಂದಿಲ್ಲ. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು, ಕಲ್ಲನ್ನೇ ಕಣ್ಣಿನ ಬಳಿಗೆ ತರಬೇಕು. ಲೆನ್ಸನ್ನು ಕಲ್ಲಿನ ಮೇಲೆ ಹಿಡಿದು ದೂರದಿಂದ ಬಗ್ಗಿ ನೋಡುವವನಿಗೆ ಯಾರೂ ಕಲಿಸಿಲ್ಲ ಎಂದು ಗೊತ್ತಾಗುತ್ತದೆ. ಬೆಣಚುಕಲ್ಲಿನ ಎಳೆಯಲ್ಲಿ ಹಳದಿಯ ಕಣ ಕಂಡರೆ ಕಲ್ಲನ್ನು ಬೆಳಕಿನಲ್ಲಿ ತಿರುಗಿಸಬೇಕು. ಚಿನ್ನದಂತೆಯೇ ಕಾಣುವ, ಕಬ್ಬಿಣ ಮತ್ತು ಗಂಧಕದ ಖನಿಜ ಪೈರೈಟಾದರೆ ಒಂದು ಕೋನದಲ್ಲಿ ಮಿಂಚಿ ಇನ್ನೊಂದರಲ್ಲಿ ಕಪ್ಪಾಗುತ್ತದೆ. ಚಿನ್ನ ಎತ್ತ ತಿರುಗಿಸಿದರೂ ಒಂದೇ ಬಣ್ಣದಲ್ಲಿರುತ್ತದೆ. ಸೂಜಿಯಿಂದ ಒತ್ತಿದರೆ ಪೈರೈಟ್ ಪುಡಿಯಾಗುತ್ತದೆ, ಚಿನ್ನ ತಗ್ಗುಬೀಳುತ್ತದೆ. ಈ ಪರೀಕ್ಷೆಯನ್ನು ನಾನು ಸಾವಿರಾರು ಸಲ ಮಾಡಿರಬೇಕು. ತಗ್ಗು ಬಿದ್ದದ್ದು ಕೈಬೆರಳುಗಳಲ್ಲಿ ಎಣಿಸುವಷ್ಟು ಸಲ.

ಮೊದಲ ವರ್ಷದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಜಲಜಶಿಲೆಗಳಲ್ಲಿ ಕೆಲವು ಪದರಗಳ ಕೆಳಗಡೆ ದಪ್ಪ ಮರಳಿನ ಕಣಗಳೂ ಮೇಲಕ್ಕೆ ಹೋದಂತೆ ನುಣ್ಣನೆಯ ಕಣಗಳೂ ಇರುತ್ತವೆ. ಅದನ್ನು ನೋಡಿ ಪದರ ತಲೆಕೆಳಗಾಗಿದೆಯೋ ಇಲ್ಲವೋ ಎಂದು ಹೇಳಬಹುದು. ನಾನು ಲಾಗ್ ಮಾಡಿದ, ಅಂದರೆ ಕೋರನ್ನು ನೋಡಿ ಮೀಟರ್ ಮೀಟರಿಗೆ ವಿವರ ಬರೆದ, ರಂಧ್ರವೊಂದರಲ್ಲಿ ಎಲ್ಲ ಪದರಗಳೂ ನೆಟ್ಟಗಿದ್ದು, 3 ಮೀಟರ್ ಉದ್ದದ ಒಂದು ಭಾಗ ಮಾತ್ರ ತಲೆಕೆಳಗಾಗಿ ಕಂಡಿತು. ಅದಕ್ಕೆ ವಿವರಣೆ ಬೇಕಲ್ಲ. ನಾನು ಅಲ್ಲಿ ಪದರಗಳು ಬಾಗಿ ಮಡಚಿಕೊಂಡ ಒಂದು ಬಿಗಿಯಾದ ಮಡಿಕೆಯನ್ನು ಕಲ್ಪಿಸಿಕೊಂಡು, ಅದನ್ನು ಅಡ್ಡಕೊಯ್ತದ ನಕ್ಷೆಯ ಮೇಲೆ ಬಲು ಅಂದವಾಗಿ ಬರೆದು, ಅದಿರು ಆ ಮಡಿಕೆಯ ಮೂಗಿನಲ್ಲಿ, ಅಂದರೆ ಬಾಗಿದ ತುದಿಯಲ್ಲಿ, ಸೇರಿಕೊಂಡಿರಬಹುದೆಂದು ಮುಂದಿನ ರಂಧ್ರದ ಜಾಗವನ್ನೂ ಗುರುತಿಸಿಬಿಟ್ಟೆ. ಒಂದು ವಾರ ಆ ಮಡಿಕೆ ನಮ್ಮ ಶಿಬಿರದ ಗೋಡೆಯ ಮೇಲೆ ರಾರಾಜಿಸಿತು. ಹಿರಿಯ ಭೂವಿಜ್ಞಾನಿಯೊಬ್ಬರು ಬಂದವರು ನಕ್ಷೆಯನ್ನು ನೋಡಿ ಏನೂ ಹೇಳದೆ ನೇರವಾಗಿ ಕೋರ್ ಶೆಡ್ಡಿಗೆ ಹೋಗಿ, ಆ ಪೆಟ್ಟಿಗೆಯ ಕೊನೆಯ ತುಂಡನ್ನೂ ಮುಂದಿನ ಪೆಟ್ಟಿಗೆಯ ಮೊದಲ ತುಂಡನ್ನೂ ಎತ್ತಿ ಕೂಡಿಸಲು ನೋಡಿದರು. ಕೂಡಲಿಲ್ಲ. ಪೆಟ್ಟಿಗೆಯ ಇನ್ನೊಂದು ತುದಿಯ ತುಂಡನ್ನು ತಿರುಗಿಸಿ ಹಿಡಿದಾಗ ಎರಡೂ ಒಡೆದ ಮುಖಗಳು ಮುಚ್ಚಳದಂತೆ ಕೂತವು. ಆ 3 ಮೀಟರ್ ಕೋರನ್ನು ಪೆಟ್ಟಿಗೆಯಲ್ಲಿ ಹಿಂದುಮುಂದಾಗಿ ಇಡಲಾಗಿತ್ತು, ಅಷ್ಟೆ. ‘ಮೊದಲು ತುಂಡುಗಳನ್ನು ಕೂಡಿಸಿ ನೋಡಿ, ಮಡಿಕೆಯನ್ನು ಆಮೇಲೆ ಹುಡುಕೋಣ’ ಎಂದು ಅವರು ಹೇಳಿದ್ದು ಗದರಿಕೆಯಂತೆಯೂ ಇರಲಿಲ್ಲ. ಆ ರಂಧ್ರವನ್ನು ಕೊರೆದಿದ್ದರೆ ಆಗುತ್ತಿದ್ದ ನಷ್ಟಕ್ಕಿಂತ ಹೆಚ್ಚಾಗಿ, ಇಲ್ಲದ ಮಡಿಕೆಯೊಂದಕ್ಕೆ ನಾನು ಎಷ್ಟು ಬೇಗ ಒಲಿದುಬಿಟ್ಟೆ ಎಂಬುದು ನನ್ನನ್ನು ಬಹುಕಾಲ ಕಾಡಿತು.

ಕೋರನ್ನು ಉದ್ದಕ್ಕೆ ಗರಗಸದಿಂದ ಸೀಳಿ ಅರ್ಧವನ್ನು ಪ್ರಯೋಗಾಲಯಕ್ಕೆ ಕಳಿಸುವುದು, ಉಳಿದರ್ಧವನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳುವುದು ರೂಢಿ. ಮಾದರಿಗಳ ನಡುವೆ, ಸುಮಾರು ಇಪ್ಪತ್ತಕ್ಕೆ ಒಂದರಂತೆ, ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಪುಡಿಯನ್ನೂ ಏನೂ ಇಲ್ಲದ ಖಾಲಿ ಕಲ್ಲನ್ನೂ ಗುರುತು ಸಿಗದಂತೆ ಸೇರಿಸುತ್ತೇವೆ. ಪ್ರಯೋಗಾಲಯ ಖಾಲಿ ಕಲ್ಲಿನಲ್ಲಿ ಚಿನ್ನ ಕಂಡರೆ ಆ ಇಡೀ ಕಂತನ್ನು ಅನುಮಾನಿಸಬೇಕು. ಮಾದರಿ ತೆಗೆಯುವವರು ಉಂಗುರ, ಸರಗಳನ್ನು ತೆಗೆದಿಟ್ಟು ಬರಬೇಕೆಂಬ ನಿಯಮ ಹೊಸಬರಿಗೆ ತಮಾಷೆಯಾಗಿ ಕಾಣುತ್ತದೆ, ಟನ್ನಿಗೆ ಒಂದು ಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಎಂದು ಲೆಕ್ಕ ಹಾಕಿ ತೋರಿಸುವ ತನಕ.

ಈ ಶಿಸ್ತು ಇಷ್ಟು ಬಿಗಿಯಾಗಲು ಒಂದು ಹೆಸರು ಕಾರಣ: ಬ್ರೆ-ಎಕ್ಸ್. ಬೋರ್ನಿಯೋ ದ್ವೀಪದ ಬುಸಾಂಗ್‌ನಲ್ಲಿ ಕೆನಡಾದ ಈ ಸಣ್ಣ ಕಂಪನಿ ತನ್ನಲ್ಲಿದೆಯೆಂದು ಸಾರಿದ ಚಿನ್ನ ಸುಮಾರು 7 ಕೋಟಿ ಔನ್ಸಿನ ತನಕ ಬೆಳೆದಿತ್ತು. 1997ರಲ್ಲಿ ಪಾಲುದಾರಿಕೆಗೆಂದು ಬಂದ ಇನ್ನೊಂದು ಕಂಪನಿ ಅದೇ ರಂಧ್ರಗಳ ಮಗ್ಗುಲಲ್ಲಿಯೇ ಕೊರೆದಾಗ ಹೇಳಿಕೊಳ್ಳುವಂಥ ಚಿನ್ನ ಸಿಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಸ್ವತಂತ್ರ ತಜ್ಞರು ಮಾದರಿಗಳಿಗೆ ಹೊರಗಿನಿಂದ ಚಿನ್ನವನ್ನು ಬೆರೆಸಲಾಗಿದೆ ಎಂದು ವರದಿ ಕೊಟ್ಟರು. ಕೋರನ್ನು ಅರ್ಧ ಉಳಿಸಿಕೊಳ್ಳದೆ ಪೂರ್ತಿ ಅರೆದುಬಿಡುತ್ತಿದ್ದರು ಎಂಬುದು ಮೊದಲಿನಿಂದಲೂ ಎಲ್ಲರ ಕಣ್ಣೆದುರಿಗೇ ಇತ್ತು. ಆ ಚಿನ್ನದ ಕಣಗಳ ಅಂಚುಗಳು ಹೊಳೆಯ ಮರಳಿನಲ್ಲಿ ಉರುಳಿ ಬಂದಂತೆ ನುಣುಪಾಗಿದ್ದವು. ಬಂಡೆಯೊಳಗಿನ ಚಿನ್ನ ಹಾಗಿರುವುದಿಲ್ಲ. ನಿಕ್ಷೇಪಗಳ ವರದಿ ಹೇಗಿರಬೇಕೆಂದು ಹೇಳುವ ಜೋರ್ಕ್ ಸಂಹಿತೆ ಆಸ್ಟ್ರೇಲಿಯದಲ್ಲಿ 1989ರಿಂದಲೇ ಇತ್ತು. ಕೆನಡಾ ತನ್ನ ಎನ್‌ಐ 43-101 ನಿಯಮವನ್ನು 2001ರಲ್ಲಿ ತಂದಿತು. ಇವುಗಳ ಪ್ರಕಾರ ನಿಕ್ಷೇಪದ ಪ್ರಮಾಣವನ್ನು ಸಾರ್ವಜನಿಕವಾಗಿ ಹೇಳುವ ವರದಿಗೆ ಅರ್ಹ ವ್ಯಕ್ತಿಯೊಬ್ಬರು ತಮ್ಮ ಹೆಸರು ಹಾಕಿ ಹೊಣೆ ಹೊರಬೇಕು. ಜೋರ್ಕ್ ಸಂಹಿತೆಯಲ್ಲಿ ಆ ಅರ್ಹತೆಗೆ ಆಯಾ ಬಗೆಯ ನಿಕ್ಷೇಪದಲ್ಲಿಯೇ ಕನಿಷ್ಠ 5 ವರ್ಷಗಳ ಅನುಭವ ಬೇಕು. ಕೆಲಸಕ್ಕೆ ಸೇರಿದ ಮೊದಲ ದಿನದಿಂದ ನೀವು ಏನು ನೋಡಿದಿರಿ, ಎಲ್ಲಿ ನೋಡಿದಿರಿ ಎಂದು ದಿನಚರಿ ಬರೆದಿಡಿ ಎಂದು ನಾನು ಹೊಸಬರಿಗೆ ಹೇಳುವುದು ಇದಕ್ಕಾಗಿಯೇ.

ಇನ್ನು ಉದ್ಯೋಗಗಳ ವಿಚಾರ. ದೊಡ್ಡ ಗಣಿ ಕಂಪನಿಗಳು, ಗಣಿಯೇ ಇಲ್ಲದೆ ಷೇರು ಮಾರಿ ಬಂದ ಹಣದಿಂದ ಹುಡುಕುವ ‘ಜೂನಿಯರ್’ ಕಂಪನಿಗಳು, ಸರ್ಕಾರಗಳ ಭೂವೈಜ್ಞಾನಿಕ ಸರ್ವೇಕ್ಷಣೆಗಳು, ಸಲಹಾ ಸಂಸ್ಥೆಗಳು, ಪ್ರಯೋಗಾಲಯಗಳು, ವಿಶ್ವವಿದ್ಯಾಲಯಗಳು, ಇವೇ ಮುಖ್ಯವಾದ ಬಾಗಿಲುಗಳು. ದೊಡ್ಡ ಕಂಪನಿಯಲ್ಲಿ ತರಬೇತಿ ಚೆನ್ನಾಗಿ ಸಿಗುತ್ತದೆ, ನಿರ್ಧಾರಗಳು ನಿಧಾನ. ಜೂನಿಯರ್‌ಗಳಲ್ಲಿ ಎರಡನೆಯ ವರ್ಷಕ್ಕೇ ರಂಧ್ರದ ಜಾಗ ಗುರುತಿಸುವ ಅವಕಾಶ ಸಿಗಬಹುದು, ಮೂರನೆಯ ವರ್ಷ ಕಂಪನಿಯೇ ಇಲ್ಲದಿರಬಹುದು. ಬ್ರಿಟನ್ನಿನಲ್ಲಿ 1835ರಲ್ಲಿ, ಕೆನಡಾದಲ್ಲಿ 1842ರಲ್ಲಿ ಆರಂಭವಾದಂಥ ಸರ್ಕಾರಿ ಸರ್ವೇಕ್ಷಣೆಗಳು ಅದಿರು ಮಾರುವುದಿಲ್ಲ. ಅವರು ಮಾಡಿದ ನಕ್ಷೆ ಇಲ್ಲದಿದ್ದರೆ ಉಳಿದ ಯಾರಿಗೂ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದಿಲ್ಲ. ನಡೆಯುತ್ತಿರುವ ಗಣಿಯ ಭೂವಿಜ್ಞಾನಿಯ ಕೆಲಸವನ್ನು ಅನ್ವೇಷಕರು ಕೊಂಚ ಕೀಳಾಗಿ ಕಾಣುವ ಚಾಳಿಯಿದೆ. ನನ್ನ ದೃಷ್ಟಿಯಲ್ಲಿ ಇದು ಅವಿವೇಕ. ಕೋರ್‌ನಲ್ಲಿ ಬೊಗಸೆಯಷ್ಟು ಅದಿರನ್ನು ನೋಡಿದವನಿಗೂ ಅದಿರಿನ ಗೋಡೆಯ ಮುಂದೆ ಎರಡು ವರ್ಷ ನಿಂತು, ಅದು ಎಲ್ಲಿ ತೆಳುವಾಗುತ್ತದೆ, ಎಲ್ಲಿ ಇದ್ದಕ್ಕಿದ್ದಂತೆ ತುಂಡಾಗುತ್ತದೆ ಎಂದು ಪ್ರತಿದಿನ ಕಂಡವನಿಗೂ ಬಹಳ ವ್ಯತ್ಯಾಸವಿದೆ. ಸಾಧ್ಯವಾದರೆ ಮೊದಲು ಗಣಿಯಲ್ಲಿ ದುಡಿದು ಆಮೇಲೆ ಅನ್ವೇಷಣೆಗೆ ಬನ್ನಿ.

ಈ ವೃತ್ತಿಯ ಬಗ್ಗೆ ಮುಚ್ಚಿಡಬಾರದ ಸತ್ಯವೆಂದರೆ ಅದರ ಏರಿಳಿತ. ಲೋಹದ ಬೆಲೆ ಇಳಿದಾಗ ಮೊದಲು ನಿಲ್ಲುವುದು ಕೊರೆತ, ಏಕೆಂದರೆ ಅದನ್ನು ನಿಲ್ಲಿಸಿದರೆ ಈ ವರ್ಷದ ಉತ್ಪಾದನೆ ಒಂದು ಟನ್ ಕೂಡ ಕಡಿಮೆಯಾಗುವುದಿಲ್ಲ. ಜಗತ್ತಿನಾದ್ಯಂತ ಅನ್ವೇಷಣೆಗೆ ಇಟ್ಟ ಹಣ 2012ರಲ್ಲಿ ಶಿಖರ ಮುಟ್ಟಿ, ಅಲ್ಲಿಂದ 2016ರ ತನಕ ಪ್ರತಿವರ್ಷ ಕುಸಿಯಿತು. ಆ ವರ್ಷಗಳಲ್ಲಿ ನನ್ನೊಡನೆ ಇದ್ದ ತಂಡದ ಅರ್ಧಕ್ಕಿಂತ ಹೆಚ್ಚು ಮಂದಿ ಭೂವಿಜ್ಞಾನವನ್ನೇ ಬಿಟ್ಟುಹೋದರು. ಅವರಲ್ಲಿ ಇಬ್ಬರು ನಾನು ಕಂಡ ಅತ್ಯುತ್ತಮ ನಕ್ಷೆಗಾರರು. ನಾನು ಹದಿನಾಲ್ಕು ತಿಂಗಳು ಕೆಲಸವಿಲ್ಲದೆ ಇದ್ದು, ಬೇರೆಯವರ ವರದಿಗಳನ್ನು ತಿದ್ದಿಕೊಡುತ್ತ ಕಾಲ ನೂಕಿದೆ. ಕೆಲಸವಿರುವಾಗಲೂ ಮನೆಯಿಂದ ವಾರಗಟ್ಟಲೆ ದೂರವಿರಬೇಕು. ಮಕ್ಕಳ ಹುಟ್ಟುಹಬ್ಬಗಳ ವಿಷಯದಲ್ಲಿ ನನ್ನ ದಾಖಲೆ ನನ್ನ ಕೊರೆತಗಳ ದಾಖಲೆಗಿಂತ ಕೆಟ್ಟದಾಗಿದೆ. ಇನ್ನು ಕಂಡುಹಿಡಿದದ್ದು ಗಣಿಯಾಗುವುದಕ್ಕೆ ಹಿಡಿಯುವ ಕಾಲ: 1975ರಲ್ಲಿ ಸಿಕ್ಕ ಒಲಿಂಪಿಕ್ ಡ್ಯಾಮ್ ಉತ್ಪಾದನೆ ಆರಂಭಿಸಿದ್ದು 1988ರಲ್ಲಿ.

ಏನು ಓದಬೇಕು ಎಂದು ಕೇಳಿದರೆ ನನ್ನ ಉತ್ತರ ಹಳೆಯ ಕಾಲದ್ದು. ಬಂಡೆಯ ಮೇಲೆ ನಡೆದು ಸ್ವಂತ ಕೈಯಿಂದ ನಕ್ಷೆ ಮಾಡುವುದು, ರಚನಾ ಭೂವಿಜ್ಞಾನ, ಸೂಕ್ಷ್ಮದರ್ಶಕದಲ್ಲಿ ಶಿಲೆ ಮತ್ತು ಅದಿರನ್ನು ಗುರುತಿಸುವುದು, ಈ ಮೂರನ್ನು ಕಾಲೇಜಿನಲ್ಲಿ ಕಲಿಯದವರು ಆಮೇಲೆ ಕಲಿಯುವುದು ಕಷ್ಟ. ಇವುಗಳ ಜೊತೆಗೆ ಸಂಖ್ಯಾಶಾಸ್ತ್ರ ಮತ್ತು ಒಂದಿಷ್ಟು ಪ್ರೋಗ್ರಾಮಿಂಗ್ ಇರಲೇಬೇಕು; ಅವಿಲ್ಲದೆ ಸಾವಿರಾರು ಮಾದರಿಗಳ ರಾಸಾಯನಿಕ ಫಲಿತಾಂಶಗಳಲ್ಲಿ ಚಿನ್ನಕ್ಕೆ ದಾರಿ ತೋರುವ ಆರ್ಸೆನಿಕ್, ಆಂಟಿಮನಿಗಳ ಹೆಜ್ಜೆಗಳನ್ನು ಹಿಡಿಯಲಾಗದು. ಯಂತ್ರಕಲಿಕೆ ಅನ್ವೇಷಣೆಯನ್ನು ಬದಲಾಯಿಸಿಬಿಡುತ್ತದೆ ಎಂಬ ಮಾತು ಈಗ ದಿನಕ್ಕೊಮ್ಮೆ ಕಿವಿಗೆ ಬೀಳುತ್ತದೆ. ಗುರುತ್ವ, ಕಾಂತೀಯ, ರಾಸಾಯನಿಕ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡುವ ಕೆಲಸವನ್ನು ಅದು ನನಗಿಂತ ಚೆನ್ನಾಗಿ ಮಾಡುವುದನ್ನು ಕಂಡಿದ್ದೇನೆ. ಆದರೆ ಅದು ಕಲಿಯುವುದು ನಾವು ಬರೆದ ಲಾಗ್‌ಗಳಿಂದ. ನನ್ನ ಆ 3 ಮೀಟರ್ ಹಿಂದುಮುಂದಾದ ಕೋರನ್ನು ಅದಕ್ಕೆ ಕೊಟ್ಟಿದ್ದರೆ ಅದೂ ಅಲ್ಲೊಂದು ಮಡಿಕೆಯನ್ನೇ ಕಾಣುತ್ತಿತ್ತು.

ಯಾವ ಕಾಲೇಜಿನಲ್ಲಿಯೂ ಸರಿಯಾಗಿ ಕಲಿಸದ ಒಂದು ಸಂಗತಿಯಿದೆ. ಒಂದು ಹಳ್ಳಿಗೆ, ಒಂದು ಕಣಿವೆಗೆ ಗಣಿಗಾರಿಕೆಯ ಕಡೆಯಿಂದ ಮೊದಲು ಕಾಲಿಡುವವನು ಅನ್ವೇಷಕ. ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದು ಬಂದ ಈ ಅಪರಿಚಿತನನ್ನು ಅಲ್ಲಿನವರು ಕೇಳುವ ಪ್ರಶ್ನೆ, ಸಿಕ್ಕರೆ ನಮ್ಮನ್ನು ಇಲ್ಲಿಂದ ಎಬ್ಬಿಸುತ್ತೀರಾ ಎಂಬುದು. ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಸಿಗುವುದಿಲ್ಲ ಎಂಬುದು ನಿಜವಾದ ಉತ್ತರವೇ ಆದರೂ, ಕೇಳಿದವರ ಪ್ರಶ್ನೆ ಉಳಿದ ಒಂದು ಸಲದ ಬಗ್ಗೆ. ನಾನು ಹಿಂದೆ ಈ ಪ್ರಶ್ನೆಯನ್ನು ಜಾಣತನದಿಂದ ತಪ್ಪಿಸಿಕೊಂಡದ್ದಿದೆ. ಈಗ, ಆ ನಿರ್ಧಾರ ನನ್ನ ಕೈಯಲ್ಲಿಲ್ಲ, ಆದರೆ ಅಂಥ ನಿರ್ಧಾರ ಮುಂದೆಂದಾದರೂ ಬರಬಹುದು ಎಂದು ನೇರವಾಗಿ ಹೇಳುತ್ತೇನೆ. ಕೆಲವು ಸಲ ಅದರಿಂದ ನಮ್ಮನ್ನು ಒಳಗೆ ಬಿಟ್ಟಿಲ್ಲ. ಅದು ಅವರ ಹಕ್ಕು.

‘ಇಲ್ಲ’ ಎಂಬ ಉತ್ತರವೂ ತಪ್ಪಾಗಬಹುದು ಎಂಬುದನ್ನು ಮರೆಯಬಾರದು. ಮಂಗೋಲಿಯದ ಓಯು ತೊಲ್ಗೊಯ್‌ನಲ್ಲಿ 1990ರ ದಶಕದ ಕೊನೆಯಲ್ಲಿ ದೊಡ್ಡ ಕಂಪನಿಯೊಂದು ಕೊರೆದು ನೋಡಿ, ಸಾಲದೆಂದು ಬಿಟ್ಟಿತ್ತು. ಅದನ್ನು ಪಡೆದುಕೊಂಡ ಇವಾನ್‌ಹೋ ಕಂಪನಿ 2001ರಲ್ಲಿ ಕೊರೆದ 150ನೆಯ ಸಂಖ್ಯೆಯ ರಂಧ್ರ 508 ಮೀಟರ್ ಉದ್ದಕ್ಕೆ ಶೇಕಡಾ 0.81 ತಾಮ್ರವನ್ನು, ಟನ್ನಿಗೆ 1.17 ಗ್ರಾಂ ಚಿನ್ನವನ್ನು ತೋರಿಸಿತು. ಮೊದಲು ಬಿಟ್ಟುಹೋದವರನ್ನು ಗೇಲಿಮಾಡುವುದು ಸುಲಭ. ಅವರು ತಾವು ಕೊರೆದದ್ದನ್ನು, ಕಂಡದ್ದನ್ನು ದಾಖಲಿಸಿದ್ದರಿಂದಲೇ ಅವರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಮುಂದಿನವರು ಆರಂಭಿಸಬಹುದಾಯಿತು. ‘ಇಲ್ಲಿ ತಾಮ್ರವಿಲ್ಲ’ ಎಂದು ಬರೆಯುವುದಕ್ಕೂ ‘ಇಲ್ಲಿ ಇಷ್ಟು ಆಳದ ತನಕ, ಈ ಅಂತರದಲ್ಲಿ ಕೊರೆದ ಇಷ್ಟು ರಂಧ್ರಗಳಲ್ಲಿ ಇದಕ್ಕಿಂತ ಹೆಚ್ಚು ತಾಮ್ರ ಕಾಣಲಿಲ್ಲ’ ಎಂದು ಬರೆಯುವುದಕ್ಕೂ ಇರುವ ಅಂತರ ಅದು.

ಎರಡು ವರ್ಷಗಳ ಹಿಂದೆ ನನಗೆ ಪರಿಚಯವಿಲ್ಲದ ಯುವ ಭೂವಿಜ್ಞಾನಿಯೊಬ್ಬಳಿಂದ ಒಂದು ಪತ್ರ ಬಂತು. ಹದಿನೇಳು ವರ್ಷಗಳ ಹಿಂದೆ ಚಿನ್ನಕ್ಕಾಗಿ ಹುಡುಕಿ ನಾನು ಮುಗಿಸಿದ್ದ ಒಂದು ಪ್ರದೇಶದ ವರದಿಯನ್ನು ಅವಳು ಸರ್ಕಾರಿ ದಾಖಲೆಗಳಿಂದ ತೆಗೆಸಿ ಓದಿದ್ದಳು. ಏಳನೆಯ ರಂಧ್ರದ ಲಾಗ್‌ನಲ್ಲಿ, 112 ಮೀಟರಿನಿಂದ 131 ಮೀಟರಿನ ತನಕ ‘ಒರಟು ಕಣಗಳ ಪೆಗ್ಮಟೈಟ್, ನಸುಹಸಿರು ಬಿಳುಪಿನ, ಬೆರಳುದ್ದದ ಹಲಗೆಯಾಕಾರದ ಹರಳುಗಳು, ಬಹುಶಃ ಸ್ಪಾಡ್ಯೂಮಿನ್, ಚಿನ್ನವಿಲ್ಲ, ಮಾದರಿ ತೆಗೆದಿಲ್ಲ’ ಎಂದು ನಾನು ಬರೆದಿದ್ದೆನಂತೆ. ಬರೆದದ್ದು ನನಗೆ ನೆನಪಿರಲಿಲ್ಲ. ಆ ಕೋರ್ ಎಲ್ಲಿ ಸಿಗುತ್ತದೆ ಎಂದು ಅವಳು ಕೇಳಿದ್ದಳು. ಸರ್ಕಾರಿ ಕೋರ್ ಸಂಗ್ರಹಾಗಾರದ ಹೆಸರನ್ನು ತಿಳಿಸಿದೆ. ಅವಳು ಹೋಗಿ ಪೆಟ್ಟಿಗೆಗಳನ್ನು ತೆರೆಸಿ, ನೀರು ಚಿಮುಕಿಸಿ, ಚಿತ್ರಗಳನ್ನು ಕಳಿಸಿದಳು. ಪೆಟ್ಟಿಗೆಯ ಅಂಚಿನಲ್ಲಿ ನನ್ನ ಕೈಬರಹದ ಆಳದ ಅಂಕಿಗಳು ಮಾಸಿದ್ದರೂ ಓದುವಂತಿದ್ದವು. ಹರಳುಗಳು ಸ್ಪಾಡ್ಯೂಮಿನ್ನೇ ಆಗಿದ್ದವು.

ಅವಳ ಕಂಪನಿ ಅಲ್ಲಿ ನಾಲ್ಕು ರಂಧ್ರಗಳನ್ನು ಕೊರೆಯಿತು. ಪೆಗ್ಮಟೈಟ್ ಎರಡು ಕಡೆಗೂ ಬೇಗ ತೆಳುವಾಗಿ, ಮೂರನೆಯ ರಂಧ್ರದಲ್ಲಿ ಒಂದು ಮೀಟರಿಗಿಳಿದು, ನಾಲ್ಕನೆಯದರಲ್ಲಿ ಕಾಣದಾಯಿತು. ಕಳೆದ ತಿಂಗಳು ಅವಳು ತನ್ನ ಅಂತಿಮ ವರದಿಯ ಪ್ರತಿಯೊಂದನ್ನು ನನಗೆ ಕಳಿಸಿದ್ದಾಳೆ. ನಾನು ಅಳೆಯದೆ ಬಿಟ್ಟಿದ್ದ ಸೀಸಿಯಂ, ಟ್ಯಾಂಟಲಂಗಳ ಫಲಿತಾಂಶಗಳೂ ಅದರಲ್ಲಿವೆ, ಪ್ರತಿ ಪೆಟ್ಟಿಗೆಯ ಒದ್ದೆ ಮತ್ತು ಒಣ ಚಿತ್ರಗಳಿವೆ, ಕೊನೆಯ ಪುಟದಲ್ಲಿ ನನಗೆ ಚಿರಪರಿಚಿತವಾದ ಆ ವಾಕ್ಯವಿದೆ.